ಜಗತ್ತನ್ನು ಕೇಳಿ ಬಂದ ಎಕ್ಸರ್‌ಸೈಜ್ ಮೇಡಂ

ನಮ್ಮ ಮೆಡಿಕಲ್ ಸ್ಟೋರಿನ ಪಕ್ಕದ ಮಳಿಗೆಯ ಬೋರ್ಡನ್ನು ಹೋದ ತಿಂಗಳು ಇಳಿಸಿದರು. ಬೋರ್ಡು ಇಳಿದರೂ ಜನ ಬರುವುದು ನಿಂತಿಲ್ಲ. ಬೆಳಿಗ್ಗೆ ನಾನು ಶಟರ್ ಎತ್ತುವಷ್ಟರಲ್ಲಿ ಯಾರಾದರೊಬ್ಬರು ಹೆಂಡತಿಯ ಹೆಗಲ ಮೇಲೆ ಕೈ ಹಾಕಿಕೊಂಡು, ಕಾಲೆಳೆಯುತ್ತ ಬಂದಿರುತ್ತಾರೆ. "ಮೇಡಂ ಎಷ್ಟೊತ್ತಿಗೆ ಬತ್ತಾರೆ?" ಎನ್ನುತ್ತಾರೆ. "ಬರಲ್ಲ ಕಣಪ್ಪ, ಮುಚ್ಚಿಬಿಟ್ರು" ಎಂದರೆ ನಂಬುವುದಿಲ್ಲ. ನಾನೇ ಏನೋ ಕಿತಾಪತಿ ಮಾಡಿ ಓಡಿಸಿದೆ ಎನ್ನುವ ಹಾಗೆ ನೋಡುತ್ತಾರೆ. ಮೆಟ್ಟಿಲ ಮೇಲೆ ಕೂತು, ನೀರು ಕೇಳಿ ಕುಡಿದು, ಕಡೆಗೆ "ಹಂಗಾದ್ರೆ ಒಂದು ನೋವಿನ ಮಾತ್ರೆನಾದ್ರೂ ಕೊಡಿ" ಎಂದು ಕೈ ಚಾಚುತ್ತಾರೆ. ಕೊಡುತ್ತೇನೆ. ಇನ್ನೇನು ಮಾಡಲಿ?

ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಬಗ್ಗೆ ಒಂದಿಷ್ಟು ಬರೆಯುತ್ತೇನೆ ಎಂದು ಫೋನ್ ಮಾಡಿದ್ದಕ್ಕೆ, "ಅಣ್ಣಾ, ಹೆಸರು ಹಾಕಿದ್ರೆ ಅಂಗಡಿಗೇ ಬಂದು ಜಗಳ ಆಡ್ತೀನಿ" ಎಂದಿದ್ದಾರೆ. ಹೆಸರು ಹಾಕಿದರೂ ತಿಪಟೂರಿನಲ್ಲಿ ಅದು ಯಾರೆಂದು ತಿಳಿಯುವುದು ಕಷ್ಟವೇ. ಊರಿಗೆಲ್ಲ ಅವರು ಎಕ್ಸರ್‌ಸೈಜ್ ಮೇಡಂ. ನೊಣವಿನಕೆರೆ ಕಡೆಯ ತೋಟದ ಮನೆಯವರು. ಫಿಸಿಯೋಥೆರಪಿ ಓದಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ಇಲ್ಲಿಗೆ ಬಂದು ನನ್ನ ಪಕ್ಕದ ಮಳಿಗೆ ಹಿಡಿದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಇನ್ನೊಬ್ಬರ ಬೆನ್ನು ಒತ್ತಿ ಒತ್ತಿ ಅವರ ಎರಡೂ ಹೆಬ್ಬೆರಳಿನ ಕೀಲು ಸವೆದುಹೋಯಿತು. ಟೀ ಲೋಟ ಹಿಡಿಯುವುದೂ ಕಷ್ಟವಾದ ಮೇಲೆ ಬಾಗಿಲು ಹಾಕಿ ಹಾಸನದ ತಂಗಿಯ ಮನೆಗೆ ಹೋದರು.

ಅವರು ಬಂದಾಗ ನಾನು ಖುಷಿಪಟ್ಟಿದ್ದೆ. ಮೈಕೈ ನೋವಿನವರು ಪಕ್ಕದ ಬಾಗಿಲಿಗೆ ಬಂದರೆ ನನ್ನ ಬಾಗಿಲಿಗೂ ಬಂದ ಹಾಗೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಲೆಕೆಳಗಾಯಿತು. ನನ್ನ ಗಿರಾಕಿ ಭುಜ ಹಿಡಿದುಕೊಂಡು ಕೌಂಟರಿನ ಮುಂದೆ ನಿಂತಿದ್ದರೆ, ಆ ಕಡೆಯಿಂದ ತಲೆ ಹಾಕಿ, "ಅಣ್ಣಾ, ಅವರಿಗೆ ಮಾತ್ರೆ ಕೊಡಬೇಡಿ. ಕಳಿಸಿ ಇಲ್ಲಿ, ಗೋಡೆ ಹತ್ತಿಸ್ತೀನಿ" ಎನ್ನುತ್ತಿದ್ದರು. ಗೋಡೆ ಹತ್ತಿಸುವುದು ಎಂದರೆ ಗೋಡೆಗೆ ಬೆರಳು ಊರಿ ಒಂದೊಂದೇ ಅಂಗುಲ ಮೇಲಕ್ಕೆ ನಡೆಸುವುದು. ಶಟರ್ ಎತ್ತಿ ಎತ್ತಿ ನನ್ನ ಬಲಭುಜ ಹಿಡಿದುಕೊಂಡಾಗ ನನ್ನನ್ನೂ ಹತ್ತಿಸಿದರು. ನಾನು ಅಯ್ಯೋ ಅಮ್ಮಾ ಎಂದು ಕೂಗಿದ್ದು ಎದುರಿನ ಹೋಟೆಲಿನವರಿಗೂ ಕೇಳಿಸಿತ್ತು. ನೋವು ಹೋಯಿತು, ಮರ್ಯಾದೆಯೂ ಹೋಯಿತು.

ನಮಸ್ಕಾರ, ಚೆನ್ನಾಗಿದೀರಾ ಎನ್ನುವ ರೂಢಿ ಅವರಿಗೆ ಇರಲಿಲ್ಲ. ಯಾರು ಎದುರಾದರೂ "ಮಾಡಿದ್ರಾ?" ಎಂದೇ ಕೇಳುವುದು. ಹೇಳಿಕೊಟ್ಟ ವ್ಯಾಯಾಮ ಮಾಡಿದಿರಾ ಎಂದು ಅರ್ಥ. ಮದುವೆಯ ಊಟದ ಪಂಕ್ತಿಯಲ್ಲಿ ಎದುರುಸಾಲಿನಿಂದ ಕೇಳಿಬಿಡುತ್ತಿದ್ದರು. ಎಪಿಎಂಸಿಯಲ್ಲಿ ದೊಡ್ಡ ಹೆಸರು ಮಾಡಿದ ಕೊಬ್ಬರಿ ವರ್ತಕರೊಬ್ಬರು ಇವರನ್ನು ಕಂಡರೆ ಕಾರಿನ ಗಾಜು ಏರಿಸಿಕೊಳ್ಳುತ್ತಿದ್ದರು. ಅದೇ ವರ್ತಕರು ಮಂಡಿ ನೋವಿಗೆ ಮೊದಲ ಸಲ ಬಂದಾಗ, ಹರಾಜಿನ ದಿನ ನನಗೆ ಬಿಡುವಿರುವುದಿಲ್ಲ, ನಮ್ಮ ಆಳನ್ನು ಕಳಿಸುತ್ತೇನೆ, ಅವನಿಗೇ ಮಾಡಿಸಿ ಎಂದಿದ್ದರು. ಮೇಡಂ ನಗದೆ, "ಆಯ್ತು, ನೋವನ್ನೂ ಅವನ ಕೈಲೇ ಕಳಿಸ್ಬಿಡಿ" ಎಂದಿದ್ದರು.

ನಗಿಸುತ್ತಿದ್ದರು ನಿಜ, ಆದರೆ ಸಮಾಧಾನದ ಸುಳ್ಳು ಹೇಳುವ ಬಾಯಲ್ಲ ಅದು. ಲಕ್ವ ಹೊಡೆದವರ ಮನೆಯವರು "ಯಾವಾಗ ಸರಿಹೋಗ್ತಾರೆ?" ಎಂದರೆ "ಗೊತ್ತಿಲ್ಲ" ಎನ್ನುತ್ತಿದ್ದರು. "ಒಂದು ತಿಂಗಳು ಅಂತ ಹೇಳಿ ಮೇಡಂ, ನಿಮ್ಮ ಗಂಟೇನು ಹೋಗುತ್ತೆ?" ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಹಾಗೆ ಹೇಳುವವರ ಹತ್ತಿರಕ್ಕೆ ಇವರ ಪೇಷೆಂಟುಗಳು ಹೋಗಿಬಿಡುತ್ತಿದ್ದರು. ಇವರು ಕಿಟಕಿಯಲ್ಲಿ ನಿಂತು, ಹೋಗುವವರ ನಡಿಗೆ ನೋಡುತ್ತಿದ್ದರು. "ಎಡಗಾಲು ಇನ್ನೂ ಎಳೀತಿದೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಒಳಗೆ ಬರುತ್ತಿದ್ದರು.

ನಮ್ಮ ಸೀಮೆಯಲ್ಲಿ ತೆಂಗಿನ ಮರವಿದ್ದ ಮೇಲೆ ಮರದಿಂದ ಬೀಳುವವರೂ ಇದ್ದಾರೆ. ಚಿಕ್ಕನಾಯಕನಹಳ್ಳಿ ಕಡೆಯಿಂದ, ತುರುವೇಕೆರೆ ಕಡೆಯಿಂದ ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ದೊಡ್ಡ ಆಸ್ಪತ್ರೆಯವರು ಬೆನ್ನಿಗೆ ರಾಡು ಹಾಕಿ, ಹೊಲಿದು, ಮನೆಗೆ ಕಳಿಸಿದ ಮೇಲೆ ಉಳಿಯುವುದು ಈ ಬಾಗಿಲೊಂದೇ. ಹಾಗೆ ಬಂದವನು ಲೋಕೇಶ. ಸಂಪಿಗೆ ಎನ್ನುವ ಊರಿನ ಹತ್ತಿರದ ಹಳ್ಳಿಯವನು, ಕಾಯಿ ಕೀಳುವ ಕೆಲಸ. ಹಿಡಿದುಕೊಂಡಿದ್ದ ಗರಿ ಕಳಚಿ ಕೆಳಗೆ ಬಿದ್ದಿದ್ದ. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಮಂಜುಳ ಜೊತೆಯಲ್ಲಿ ಬರುತ್ತಿದ್ದಳು. ಇಬ್ಬರಿಗೂ ಇನ್ನೂ ಮೂವತ್ತು ದಾಟಿರಲಿಲ್ಲ.

ಮೊದಲ ದಿನವೇ ಅವನು ಕೇಳಿದ, "ಮೇಡಂ, ನಡೀತೀನಾ?"

"ಇಲ್ಲ ಅಂತ ನನಗೆ ಅನ್ಸುತ್ತೆ ಕಣಪ್ಪ."

ನನಗೆ ಮೈ ಉರಿಯಿತು. ಕಾಲಿನ ಬಲ ಕಳೆದುಕೊಂಡು ಬಂದ ಹುಡುಗನಿಗೆ ಹೀಗಾ ಹೇಳುವುದು? ಆದರೆ ಲೋಕೇಶ ಎಂಥವನೆಂದರೆ, ಆ ಮಾತಿನಲ್ಲೂ ಒಂದು ಹಿಡಿ ಹುಡುಕಿಕೊಂಡ. "ನಿಮಗೆ ಅನ್ಸುತ್ತೆ ಅಷ್ಟೇ ತಾನೇ? ಬುಡಿ ಹಂಗಾದ್ರೆ" ಎಂದು ನಕ್ಕುಬಿಟ್ಟ.

"ಕಾಲಿನ ವಿಷಯ ಆಮೇಲೆ. ಮೊದಲು ಕುಂಡಿ ಉಳಿಸ್ಕೋ. ಕೂತಲ್ಲೇ ಕೂತ್ರೆ ಹುಣ್ಣಾಗುತ್ತೆ, ಆ ಹುಣ್ಣೇ ಸಾಯಿಸುತ್ತೆ" ಎಂದು ಎರಡೂ ಕೈ ಊರಿ ಮೈ ಎತ್ತುವುದನ್ನು ಹೇಳಿಕೊಟ್ಟರು. ಮರ ಹತ್ತಿದ ತೋಳು, ಸಲೀಸಾಗಿ ಎತ್ತಿದ. ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಚಾಪೆಗೆ ಯಾರ ಕೈಯನ್ನೂ ಹಿಡಿಯದೆ ಜರುಗುವುದನ್ನು ಕೆಲವೇ ತಿಂಗಳಲ್ಲಿ ಕಲಿತ. ಇಷ್ಟು ಬಂದ ಮೇಲೆ ಕಾಲೂ ಬಂದೀತು ಎಂದು ಗಂಡ ಹೆಂಡತಿ ಇಬ್ಬರಿಗೂ ಗಟ್ಟಿಯಾಗಿಬಿಟ್ಟಿತು. ಮೇಡಂ ಇಲ್ಲ ಎಂದಷ್ಟೂ ಅವರು ಹೂಂ ಎನ್ನುತ್ತಿದ್ದರು.

ಆ ವರ್ಷವೇ ಒಂದು ಸಮ್ಮೇಳನದ ಸುದ್ದಿ ಬಂದದ್ದು. ಫಿಸಿಯೋಥೆರಪಿಯವರಿಗೆ ನಮ್ಮ ದೇಶದಲ್ಲೊಂದು ಸಂಘ, ಅಂಥ ದೇಶದೇಶದ ಸಂಘಗಳೆಲ್ಲ ಸೇರಿ ಜಗತ್ತಿಗೊಂದು ಸಂಘ ಇದೆಯಂತೆ. ಎಲ್ಲ ದೇಶದವರೂ ಒಂದೆಡೆ ಸೇರಿ ಕಾಂಗ್ರೆಸ್ ಎಂದು ಸಮ್ಮೇಳನ ನಡೆಸುತ್ತಾರಂತೆ. ಅಲ್ಲಿಗೆ ಇವರು ಒಂದು ಪೋಸ್ಟರ್ ಬರೆದು ಕಳಿಸಿದ್ದರು. ಮರದಿಂದ ಬಿದ್ದವರು ಮರ ಹತ್ತಿದ ತೋಳಿನ ಬಲದಲ್ಲೇ ಮತ್ತೆ ಮೈ ನಿಭಾಯಿಸುವುದು ಹೇಗೆ ಎನ್ನುವುದು ಅದರ ವಿಷಯ. ಲೋಕೇಶನ ಫೋಟೋಗಳೂ ಇದ್ದವು. ಪೋಸ್ಟರ್ ಒಪ್ಪಿಗೆಯಾಗಿದೆ, ಯುರೋಪಿಗೆ ಬನ್ನಿ ಎಂದು ಕಾಗದ ಬಂತು. ತಿಪಟೂರು ಸ್ಟೇಷನ್ನಿನಲ್ಲಿ ರೈಲು ಹತ್ತುವುದಕ್ಕೇ ಅರ್ಧ ಗಂಟೆ ಮುಂಚೆ ಹೋಗಿ ನಿಲ್ಲುವ ಹೆಂಗಸು ವಿಮಾನ ಹತ್ತಬೇಕಾಯಿತು. ವೀಸಾ ಆಫೀಸಿನಲ್ಲಿ, ನೀವು ವಾಪಸ್ ಬರುತ್ತೀರಿ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಕೇಳಿದರಂತೆ. "ಬರದೇ ಇದ್ರೆ ನನ್ನ ಪೇಷೆಂಟ್‌ಗಳು ಎಕ್ಸರ್‌ಸೈಜ್ ಬಿಟ್ಬಿಡ್ತಾರೆ" ಎಂದರಂತೆ ಇವರು.

ಸಮ್ಮೇಳನದವರು ಬರುವ ಪ್ರತಿನಿಧಿಗಳಿಗಾಗಿ ಒಂದು ಕೈಪಿಡಿ ಕಳಿಸಿದ್ದರು. ಮೇಡಂ ಅದನ್ನು ಪ್ರಿಂಟ್ ಹಾಕಿಸಿಕೊಂಡು, ಸಂಜೆ ಎಲ್ಲರೂ ವ್ಯಾಯಾಮ ಮಾಡುವಾಗ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ತಮ್ಮ ಭಯ ಕಳೆಯುವುದಕ್ಕೂ ಇರಬೇಕು. ಗೋಡೆ ಹತ್ತುವವರು, ಮಂಡಿ ಮಡಿಸುವವರು, ಸೊಂಟಕ್ಕೆ ಶಾಖ ತೆಗೆದುಕೊಳ್ಳುವವರು, ಎಲ್ಲರೂ ಪ್ರತಿನಿಧಿಗಳೇ ಆಗಿಬಿಟ್ಟರು.

"ನಲ್ಲಿ ನೀರು ಹಂಗೇ ಕುಡೀಬಹುದಂತೆ."

"ಬ್ಯಾಡಿ ಮೇಡಂ, ಕಾಯಿಸ್ಕೊಂಡೇ ಕುಡೀರಿ. ಶೀತ ಆಯ್ತದೆ."

"ಒಂದು ಹಾಲಿಂದ ಇನ್ನೊಂದು ಹಾಲಿಗೆ ಬಹಳ ದೂರ, ಆರಾಮಾದ ಶೂ ಹಾಕ್ಕೊಂಡು ಬನ್ನಿ ಅಂತಾರೆ."

"ಸಮ್ಮೇಳನದೋರೇ ಅಷ್ಟು ನಡೆಸ್ತಾರಾ? ನಿಮ್ಮಂಥೋರೇ ಬುಡಿ ಅವ್ರೂವೆ."

ಪ್ಲಗ್ಗಿನ ತೂತು ದುಂಡಗಿರುತ್ತದೆ, ಬೇರೆ ಪಿನ್ನು ತನ್ನಿ. ಮೈಮೇಲೆ ಒಂದರ ಮೇಲೊಂದು ಬಟ್ಟೆ ಹಾಕಿಕೊಳ್ಳಿ. ಕೊರಳಿಗೆ ಹಾಕುವ ಬ್ಯಾಡ್ಜು ಕಳೆದುಕೊಂಡರೆ ಒಳಗೆ ಬಿಡುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಇದೆಲ್ಲ ನಮಗೆ ಬಾಯಿಪಾಠವಾಯಿತು. ಒಂದು ಸಂಜೆ ಇನ್ನೊಂದು ವಿಷಯ ಬಂತು. ಸಮ್ಮೇಳನದಲ್ಲಿ ದಿನವೂ ಒಂದು ಹೊತ್ತು ದೊಡ್ಡ ದೊಡ್ಡ ತಜ್ಞರು ಒಂದೆಡೆ ಕೂತಿರುತ್ತಾರೆ, ಯಾವ ದೇಶದವರು ಬೇಕಾದರೂ ಹೋಗಿ ಪ್ರಶ್ನೆ ಕೇಳಬಹುದು ಎಂದಿತ್ತು. ಮಂಜುಳ ಗಂಡನ ಕಾಲು ನೀವುತ್ತಿದ್ದವಳು ಕೈ ನಿಲ್ಲಿಸಿದಳು.

"ಹಂಗಾದ್ರೆ ನಮ್ಮದನ್ನ ಅಲ್ಲಿ ಕೇಳ್ಕೊಂಡು ಬನ್ನಿ ಮೇಡಂ. ನಿಮಗೆ ಅನ್ಸಿದ್ದು ಇರ್ಲಿ. ನಿಮಗಿಂತ ದೊಡ್ಡೋರಿಗೆ ಏನ್ ಅನ್ಸುತ್ತೋ ನೋಡನ."

ನಮ್ಮ ಕಡೆ ಮನೆಗೆ ಕಷ್ಟ ಬಂದರೆ ದೇವರ ಹತ್ತಿರ, ಮಠದ ಹತ್ತಿರ, ಶಾಸ್ತ್ರ ಹೇಳುವವರ ಹತ್ತಿರ ಕೇಳಲು ಹೋಗುತ್ತೇವೆ. ಬರಿಗೈಲಿ ಹೋಗುವುದಿಲ್ಲ. ಹಣ್ಣು, ಕಾಯಿ, ಎಲೆ ಅಡಿಕೆ ಮುಂದಿಟ್ಟು, ಕೂತು, ಕೇಳಬೇಕು. ಕೇಳಿದವರಿಗೆ ಏನಾದರೊಂದು ಪರಿಹಾರ ಹೇಳಿಯೇ ಕಳಿಸುತ್ತಾರೆ. ಏನೂ ಇಲ್ಲ ಹೋಗಿ ಎಂದು ಯಾರೂ ಹೇಳಿದ್ದಿಲ್ಲ. ಮಂಜುಳ ಸಮ್ಮೇಳನವನ್ನೂ ಹಾಗೆಯೇ ತಿಳಿದುಕೊಂಡಳು. ನಾವು ಯಾರೂ ಬೇರೆ ರೀತಿ ತಿಳಿದುಕೊಂಡಿರಲಿಲ್ಲ ಎನ್ನಿ. ಹೊರಡುವ ಹಿಂದಿನ ದಿನ ಒಂದು ಬಟ್ಟೆಗಂಟು ತಂದುಕೊಟ್ಟಳು. ಒಳಗೆ ಉಂಡೆ ಕೊಬ್ಬರಿ. ಲೋಕೇಶ ಬೀಳುವುದಕ್ಕೆ ಮುಂಚೆ ತನ್ನ ನಾಲ್ಕು ಮರದಿಂದ ಕಿತ್ತು ಅಟ್ಟಕ್ಕೆ ಹಾಕಿದ್ದ ಕಾಯಿ ಒಣಗಿ ಕೊಬ್ಬರಿಯಾಗಿತ್ತು. "ಕೇಳೋ ಮುಂಚೆ ಅವ್ರ ಕೈಗೆ ಕೊಡಿ" ಎಂದಳು.

ಆ ಕಡೆ ಹಣ್ಣು, ಬೀಜ, ಕಾಳು ತರಬೇಡಿ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಇತ್ತು. ಓದಿ ಹೇಳಿದವರೂ ಅವರೇ. "ಇಲ್ಲೇ ಬಿಟ್ಟು ಹೋಗಿ ಮೇಡಂ, ಕೊಟ್ಟೆ ಅಂತ ಹೇಳಿದ್ರಾಯ್ತು" ಎಂದೆ. ಅವರು ಗಂಟನ್ನು ಬಟ್ಟೆಗಳ ನಡುವೆ ಇಟ್ಟು ಪೆಟ್ಟಿಗೆಯ ಜಿಪ್ ಎಳೆದರು. ಯಾರಿಗೂ ಸಮಾಧಾನದ ಮಾತು ಹೇಳದವರಿಗೆ ಆ ಹುಡುಗಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಹಿಂತಿರುಗಿ ಬಂದ ದಿನ ಮಳಿಗೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಕೊಬ್ಬರಿಯನ್ನು ಏರ್‌ಪೋರ್ಟಿನಲ್ಲೇ ತೆಗೆದುಕೊಂಡು ಅವರ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದ್ದರಂತೆ. ತಜ್ಞರ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸಿದ್ದರಂತೆ. ಬೆನ್ನುಹುರಿ ಪೆಟ್ಟಿನ ವಿಷಯದಲ್ಲಿ ಅವರ ಮಾತು ಎಂದರೆ ಆ ಸಂಘದಲ್ಲೇ ಕೊನೆಯ ಮಾತಂತೆ. ಅವರ ಮುಂದೆ ಲೋಕೇಶನ ಎಕ್ಸ್‌ರೇ, ಸ್ಕ್ಯಾನು, ಮೊಬೈಲಿನ ವಿಡಿಯೋ ಎಲ್ಲ ಇಟ್ಟರಂತೆ. ಆಕೆ ವಿಡಿಯೋವನ್ನು ಮತ್ತೆ ಹಾಕಿಸಿಕೊಂಡು ನೋಡಿದರಂತೆ.

"ಇಷ್ಟು ದಿನದಲ್ಲಿ ಒಂದು ಹುಣ್ಣೂ ಆಗಿಲ್ವಾ ಅಂದ್ರು ಅಣ್ಣಾ. ಇಲ್ಲ ಅಂದೆ. ಪಕ್ಕದೋರನ್ನೆಲ್ಲ ಕರೆದು ತೋರಿಸಿದ್ರು. ನೀವು ಮಾಡ್ತಿರೋದೇ ಸರಿ, ನಮ್ಮಲ್ಲಿಗೆ ಬಂದಿದ್ರೂ ಇದನ್ನೇ ಮಾಡ್ತಿದ್ವಿ ಅಂದ್ರು. ನನ್ನ ಕೈ ಹಿಡ್ಕೊಂಡ್ರು."

"ಒಳ್ಳೇದಾಯ್ತಲ್ಲ ಮೇಡಂ!"

"ನಡೀತಾನಾ ಅಂತ ಕೇಳ್ದೆ. ತಲೆ ಆಡಿಸಿದ್ರು. ಇಲ್ಲ ಅಂತ."

ಹೆಬ್ಬೆರಳು ನೀವಿಕೊಂಡರು. ಆಮೇಲೆ, "ಬೈದಿದ್ರೆ ಚೆನ್ನಾಗಿರ್ತಿತ್ತು ಅಣ್ಣಾ. ನಿನಗೆ ಏನೂ ಗೊತ್ತಿಲ್ಲ, ಎಲ್ಲ ತಪ್ಪು ಮಾಡಿದೀಯ ಅಂದಿದ್ರೆ ತಿದ್ದಿಕೊಂಡು ಬಂದು ಹೊಸದಾಗಿ ಶುರು ಮಾಡ್ತಿದ್ದೆ. ನನ್ನದು ತಪ್ಪಿರಲಿ ಅಂತಲೇ ಅಷ್ಟು ದೂರ ಹೋಗಿದ್ದೆ" ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನಾನು ಕೌಂಟರ್ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಸೋಮವಾರ ಲೋಕೇಶ, ಮಂಜುಳ ಬಂದರು. ಮಂಜುಳ ತಲೆಗೆ ಹೂ ಮುಡಿದು ಬಂದಿದ್ದಳು. ಏನಾಗುತ್ತದೋ ಎಂದು ನಾನೂ ಅಂಗಡಿ ಬಿಟ್ಟು ಹೋಗಿ ಬಾಗಿಲಲ್ಲಿ ನಿಂತೆ.

"ಏನಂದ್ರು ಮೇಡಂ?"

"ನಾವು ಮಾಡ್ತಿರೋದೇ ಸರಿ ಅಂದ್ರು ಕಣಮ್ಮ."

"ನೋಡ್ರೀ, ನಾನ್ ಹೇಳ್ಲಿಲ್ವಾ!" ಎಂದು ಮಂಜುಳ ಗಂಡನ ಭುಜ ತಟ್ಟಿದಳು. "ಸರಿಯಾಗೇ ಮಾಡ್ತಿದೀವಂತೆ. ಇನ್ನೇನು, ಎದ್ದು ನಡೆಯೋದೊಂದೇ ಬಾಕಿ."

ಅಲ್ಲಿಗೇ ನಿಲ್ಲಿಸಿಬಿಡಿ ಎಂದು ನಾನು ಬಾಗಿಲಿನಿಂದ ಕಣ್ಣಲ್ಲೇ ಬೇಡಿಕೊಂಡೆ. ಅದು ಸುಳ್ಳೂ ಆಗಿರಲಿಲ್ಲ. ಮೇಡಂ ನನ್ನ ಕಡೆ ನೋಡಲಿಲ್ಲ. ಲೋಕೇಶನ ಮುಂದೆ ಮಂಡಿಯೂರಿ ಕೂತರು.

"ಇಲ್ಲಪ್ಪ. ನಡೆಯೋಕಾಗಲ್ಲ. ಅಲ್ಲಿ ಎಲ್ಲಾರ್ನೂ ಕೇಳ್ದೆ. ಯಾರ ಹತ್ರಾನೂ ಇದಕ್ಕೆ ಏನೂ ಇಲ್ಲ."

ಗೋಡೆ ಹತ್ತುತ್ತಿದ್ದವರು ಬೆರಳು ಇಳಿಸಿದರು. ಮಂಜುಳಳ ಮುಖ ಕೆಂಪಾಯಿತು.

"ಕೊಬ್ಬರಿ ಕೊಟ್ರಾ?"

"ಏರ್‌ಪೋರ್ಟಲ್ಲಿ ಕಿತ್ಕೊಂಡ್ರಮ್ಮ."

"ಅದಕ್ಕೇ ಮತ್ತೆ! ಬರಿಗೈಲಿ ಹೋಗಿ ಕೇಳಿದ್ರೆ ಯಾರ್ ಹೇಳ್ತಾರೆ? ಅಷ್ಟು ದೂರ ಹೋಗಿ ನಮ್ಮ ಕೆಲಸ ಕೆಡಿಸ್ಕೊಂಡು ಬಂದ್ರಲ್ಲ ಮೇಡಂ!"

ಹೂಂ ಅಂದುಬಿಡಿ, ನನ್ನದೇ ತಪ್ಪು ಅಂದುಬಿಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಂದಿದ್ದರೆ ಆ ಹುಡುಗಿ ಅವರನ್ನು ಬೈದುಕೊಂಡಾದರೂ ಕೆಲವು ತಿಂಗಳು ಬದುಕುತ್ತಿದ್ದಳು. ನಾನು ಇಷ್ಟು ವರ್ಷ ಅಂಗಡಿ ನಡೆಸಿದ್ದು ಅಂಥ ಕೆಲವು ತಿಂಗಳುಗಳನ್ನು ಮಾರಿಯೇ.

"ಕೊಬ್ಬರಿ ಕೊಟ್ಟಿದ್ರೂ ಇದನ್ನೇ ಹೇಳ್ತಿದ್ರು ಕಣಮ್ಮ" ಎಂದರು ಮೇಡಂ.

ಮಂಜುಳ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದಳು. ಲೋಕೇಶ ಅವಳು ಹೋದ ದಿಕ್ಕನ್ನೇ ನೋಡುತ್ತಿದ್ದ. ಅವನು ಅಳಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ನಾನು ಇವತ್ತಿಗೂ ಹೇಳಲಾರೆ. ಆಮೇಲೆ ತೋಟದ ಸಮಾಚಾರ ಕೇಳುವ ದನಿಯಲ್ಲಿ, "ಅಲ್ಲಿ ನನ್ನಂಥೋರು ಇದ್ರಾ ಮೇಡಂ?" ಎಂದ.

"ಇದ್ರು ಕಣಪ್ಪ. ಬಹಳ ಜನ."

"ಅವರೂ ನಡೆಯಲ್ವಾ?"

"ಇಲ್ಲ. ಕುರ್ಚಿ ಮೇಲೇ ಇರ್ತಾರೆ."

"ಏನ್ ಮಾಡ್ತಾರೆ ಮತ್ತೆ ದಿನಾ?"

ಮೇಡಂ ಹೇಳಿದರು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳದಿರಲು ಅವರಿಗೆ ಬರುವುದಿಲ್ಲ. ತಾವು ಇಳಿದುಕೊಂಡಿದ್ದ ಕಡೆ ಬೆಳಿಗ್ಗೆ ಬೆಳಿಗ್ಗೆ ಒಬ್ಬ ಹುಡುಗ ಗಾಲಿಕುರ್ಚಿ ತಳ್ಳಿಕೊಂಡು ಬಸ್‌ಸ್ಟಾಪಿಗೆ ಬರುತ್ತಿದ್ದನಂತೆ. ಬಸ್ಸು ರಸ್ತೆಯ ಅಂಚಿಗೆ ವಾಲಿಕೊಳ್ಳುತ್ತದೆ, ಬಾಗಿಲಿನಿಂದ ಒಂದು ಹಲಗೆ ಚಾಚಿಕೊಳ್ಳುತ್ತದೆ, ಅವನು ತಾನೇ ಉರುಳಿಸಿಕೊಂಡು ಒಳಗೆ ಹೋಗುತ್ತಾನೆ. ಕೆಲಸಕ್ಕೆ ಹೋಗಿ ಸಂಜೆ ಬರುತ್ತಾನೆ. ಅಂಗಡಿಗೆ ಹೋಗುತ್ತಾನೆ. ಗೆಳೆಯರ ಜೊತೆ ಹೋಟೆಲಿನಲ್ಲಿ ಕೂತು ನಗುತ್ತಿರುತ್ತಾನೆ.

"ಯಾರೂ ಎತ್ತಲ್ವಾ ಅವನ್ನ?"

"ಇಲ್ಲ."

"ಬಸ್ಸಿಗೂ?"

"ಇಲ್ಲ ಕಣಪ್ಪ. ಒಬ್ಬನೇ ಹತ್ತುತಾನೆ."

ಲೋಕೇಶ ತನ್ನ ಎರಡೂ ಅಂಗೈಯನ್ನು ಕುರ್ಚಿಯ ಹಿಡಿಗೆ ಊರಿದ. ತೋಳಿನ ನರ ಉಬ್ಬಿದವು. ಮೈಯನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದುಕೊಂಡು, ಹೊಸ ಪಾಠಕ್ಕೆ ತಯಾರಾದವನಂತೆ ಅವರ ಮುಖ ನೋಡಿದ.

"ನಡೆಯೋದು ಬ್ಯಾಡ ಬುಡಿ ಮೇಡಂ. ಹಂಗೆ ಒಬ್ಬನೇ ಬಸ್ ಹತ್ತೋಕೆ ಏನ್ ಎಕ್ಸರ್‌ಸೈಜ್ ಮಾಡ್ಬೇಕು, ಅದನ್ನ ಹೇಳ್ಕೊಡಿ."

ನಮ್ಮೂರ ಬಸ್ಸು ವಾಲುವುದಿಲ್ಲ, ಹಲಗೆಯನ್ನೂ ಚಾಚುವುದಿಲ್ಲ; ಅದಕ್ಕೆ ಯಾವ ಎಕ್ಸರ್‌ಸೈಜೂ ಇಲ್ಲ. ಅವನು ಮೈ ಇಳಿಸದೆ ಕಾಯುತ್ತಲೇ ಇದ್ದ. ಮೇಡಂ ತಿರುಗಿ, ಆ ದಿನ ಮೊದಲ ಸಲ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನಾನು ಮಾತ್ರೆ ಮಾರುವವನು. ನನ್ನ ಹತ್ತಿರ ಏನಿರುತ್ತೆ?